ತೋಂಟಪ್ಪನವರ ಬಿಸಿಲು ಯಾರಿಗೆ?

ನಮ್ಮ ಊರಿನಲ್ಲಿ ಬಿಸಿಲಿಗೆ ಕೂತವರಿಗೇ ಆ ಬಿಸಿಲು ದಕ್ಕುವುದಿಲ್ಲ. ಕೂತಷ್ಟು ಹೊತ್ತು ಅವರು ಯಾರನ್ನು ನೆನೆಯುತ್ತಾರೋ ಅವರ ಮೂಳೆಗೆ ಹೋಗಿ ಸೇರುತ್ತದೆ. ಹೊರಗಿನ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿ ಯಾರು ಬೇಕಾದರೂ ತಮ್ಮ ಪಾಡಿಗೆ ತಾವು ಹೋಗಿ ಒಂದಷ್ಟು ಹೊತ್ತು ಕೂತು, ತಮ್ಮ ಮೂಳೆಯನ್ನು ತಾವೇ ಗಟ್ಟಿ ಮಾಡಿಕೊಂಡು ಬರಬಹುದಂತೆ. ಇದನ್ನು ಮೊದಲ ಸಲ ಕೇಳಿದಾಗ ನಮ್ಮ ಮನೆಯೊಡತಿ ದಾಕ್ಷಾಯಣಮ್ಮ, "ಹಂಗಾದ್ರೆ ಅಲ್ಲಿ ಜನ ಮದುವೆ ಯಾಕಾಗ್ತಾರೆ?" ಎಂದು ನಿಜವಾಗಿ ಆಶ್ಚರ್ಯಪಟ್ಟಿದ್ದರು.

ಆದ್ದರಿಂದ ಇಲ್ಲಿ ಪ್ರತಿಯೊಬ್ಬರಿಗೂ ಇನ್ನೊಬ್ಬರು ಕೂರಬೇಕು. ಗಂಡ ಹೆಂಡತಿಗೆ ಕೂರುತ್ತಾನೆ, ಹೆಂಡತಿ ಗಂಡನಿಗೆ. ಸೊಸೆ ಅತ್ತೆಗೆ ಕೂರುತ್ತಾಳೆ. ಅತ್ತೆಯ ಮಂಡಿನೋವು ಬಿಡದಿದ್ದರೆ ಸೊಸೆಯ ಮನಸ್ಸು ಮಹಡಿಯ ಮೇಲೆ ಎತ್ತ ಹೋಗಿತ್ತೆಂದು ಅಡುಗೆಮನೆಯಲ್ಲಿ ವಿಚಾರಣೆ ನಡೆಯುತ್ತದೆ. ಹೆಣ್ಣು ಕೊಡುವವರು ಹುಡುಗನ ಕೆಲಸ ಕೇಳುವ ಮೊದಲು "ದಿನಾ ಕೂರ್ತಾನಾ?" ಎಂದು ಕೇಳುತ್ತಾರೆ. ಬಾಣಂತಿಯರಿಗೆ ಮಾತ್ರ ಯಾವ ಪ್ರಯತ್ನವೂ ಬೇಡ, ಅವರ ಮನಸ್ಸು ಹೇಗೂ ಕೂಸಿನ ಮೇಲೇ. ನಮ್ಮ ಊರಿನಲ್ಲಿ ಕಾಲು ಸೊಟ್ಟಗಿರುವ ಕೂಸನ್ನು ನಾನು ಕಂಡಿಲ್ಲ. ಕೂತಾಗ ಪತ್ರಿಕೆ ಓದುವ ಹಾಗಿಲ್ಲ. ಓದಿದರೆ ಬಿಸಿಲೆಲ್ಲ ಮಂತ್ರಿಗಳ ಕಡೆಗೆ ಹೊರಡುತ್ತದೆ, ಊರ ಗಡಿ ದಾಟುವ ಶಕ್ತಿಯಿಲ್ಲದೆ ನಡುದಾರಿಯಲ್ಲಿ ಇಂಗಿಹೋಗುತ್ತದೆ. ಬರೀ ತನ್ನ ಬಗ್ಗೆಯೇ ಯೋಚಿಸುವವನ ಬಿಸಿಲು ಹಿಂದಿನ ಗೋಡೆಗೆ. ಇನ್ನು ಮದುವೆಯಾಗದವರನ್ನು "ಯಾರಿಗೆ ಕೂತಿದ್ರಿ?" ಎಂದು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ.

ನಾನು ಮದುವೆಯಾಗದವಳು. ಊರಿನ ಲೈಬ್ರರಿ ನೋಡಿಕೊಳ್ಳುತ್ತೇನೆ, ದಾಕ್ಷಾಯಣಮ್ಮನವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದೇನೆ. ನನಗೂ ನನ್ನ ಜೊತೆ ಕೆಲಸ ಮಾಡುವವಳಿಗೂ ಒಂದು ಒಪ್ಪಂದವಿದೆ: ನಾನು ಅವಳಿಗೆ ಕೂರುತ್ತೇನೆ, ಅವಳು ನನಗೆ. ಅವಳು ತಪ್ಪು ಕಪಾಟಿನಲ್ಲಿ ಇಟ್ಟ ಪುಸ್ತಕಗಳ ಬಗ್ಗೆ ಯೋಚಿಸುತ್ತ ಕೂತರೆ ಆಯಿತು, ಅವಳ ಪಾಲಿನ ಬಿಸಿಲು ಅವಳಿಗೆ ಸೇರಿದ ಹಾಗೆಯೇ. ಈ ಮಾತಿನಲ್ಲಿ ಒಂದು ದೊಡ್ಡ ಸತ್ಯ ಅಡಗಿತ್ತು. ಅದು ನನಗೆ ಆಗ ಹೊಳೆಯಲಿಲ್ಲ.

ಮೊದಲೆಲ್ಲ ಯಾರ ಬಿಸಿಲು ಯಾರಿಗೆ ಹೋಯಿತೆಂದು ಮಂಡಿ, ಸೊಂಟ ನೋಡಿ ಅಂದಾಜು ಮಾಡುತ್ತಿದ್ದರು. ಡಾಕ್ಟರ್ ಫಿಲೋಮಿನಾ ಬಂದು ಕ್ಲಿನಿಕ್ಕಿನ ಪಕ್ಕದಲ್ಲಿ ಲ್ಯಾಬು ತೆರೆದ ಮೇಲೆ ಎಲ್ಲವೂ ಸಂಖ್ಯೆಗೆ ಇಳಿಯಿತು. ಡಾಕ್ಟರಮ್ಮ ಹೊರಗಿನವರು. ಸೌದೆ ಡಿಪೋದವನಿಗೂ ಅರ್ಥವಾಗುವ ಹಾಗೆ ಹೇಳುತ್ತಿದ್ದರು: "ರಾಗಿ ತಿಂದ್ರಿ, ಹಾಲು ಕುಡಿದ್ರಿ, ಸುಣ್ಣದ ಅಂಶ ಹೊಟ್ಟೆಗೆ ಬಂತು, ಸಂತೋಷ. ಅದು ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಮೂಳೆಗೆ ಹೋಗಬೇಕಲ್ಲ? ಇಟ್ಟಿಗೆ ರಾಶಿ ಬಿದ್ದಿದೆ, ಗಾರೆಯವನೇ ಬಂದಿಲ್ಲ ಅಂದ್ರೆ ಗೋಡೆ ಏಳುತ್ತಾ? ಡಿ ವಿಟಮಿನ್ ಅಂದ್ರೆ ಆ ಗಾರೆಯವನು." ಗಾರೆಯವನಿಲ್ಲದಿದ್ದರೆ ಮೂಳೆ ಮೆತ್ತಗಾಗುತ್ತದೆ, ಮಾಂಸಖಂಡದಲ್ಲಿ ಬಲ ಉಳಿಯುವುದಿಲ್ಲ, ಮನುಷ್ಯ ಸುಮ್ಮಸುಮ್ಮನೆ ಬೀಳುತ್ತಾನೆ. ಎಳೆಬಿಸಿಲಿಗೆ ಮುಖ ಒಡ್ಡಿ ಕಣ್ಣು ಮುಚ್ಚುವ ನಮ್ಮ ಹಳೆಯ ಪದ್ಧತಿಯನ್ನು ಅವರು ನಿಲ್ಲಿಸಿದರು. ಅದು ಹಿತವಾಗಿರುತ್ತದೆ ಅಷ್ಟೆ; ನಿಮ್ಮ ನೆರಳು ನಿಮಗಿಂತ ಗಿಡ್ಡವಾದ ಮೇಲೆ ಕೈಕಾಲಿಗೆ ಬಿಸಿಲು ತಾಗುವಂತೆ ಕೂರಿ, ಚರ್ಮ ಉರಿಯುವ ಮೊದಲು ಏಳಿ ಎಂದರು. ಗುಳಿಗೆಗಳನ್ನೂ ಕೊಟ್ಟು ನೋಡಿದರು. ಹೊರಗಿನ ಊರುಗಳಲ್ಲಿ ಕೆಲಸ ಮಾಡುವ ಆ ಗುಳಿಗೆ ನಮ್ಮವರ ಹೊಟ್ಟೆಯಲ್ಲಿ ಪೆಪ್ಪರಮಿಂಟಿನ ಹಾಗೆ ಕರಗಿ ಹೋಯಿತು. ಡಾಕ್ಟರಮ್ಮ ಬಹಳ ದಿನ ತಲೆ ಚಚ್ಚಿಕೊಂಡು, ಕೊನೆಗೆ ಔಷಧಿ ಚೀಟಿಯಲ್ಲಿ 'ಯಾರಾದರೂ ಕೂರಲಿ' ಎಂದೇ ಬರೆಯಲಾರಂಭಿಸಿದರು.

ಊರಿನವರು ಇದರಿಂದ ತಮಗೆ ಬೇಕಾದ ಅರ್ಥ ಮಾಡಿಕೊಂಡರು. ನೆನೆಯುವುದೆಂದರೆ ಪ್ರೀತಿಸುವುದು, ಡಿ ಜಾಸ್ತಿ ಇದ್ದವರು ಮನೆಯವರಿಗೆ ಬೇಕಾದವರು, ಕಮ್ಮಿ ಇದ್ದವರು ಯಾರಿಗೂ ಬೇಡದವರು. ಬೀದಿಯಲ್ಲಿ ಎದುರಾದರೆ "ಊಟ ಆಯ್ತಾ?" ಎನ್ನುವ ಬದಲು "ಎಷ್ಟು ಬಂತು?" ಎನ್ನತೊಡಗಿದರು. ಮೂವತ್ತಕ್ಕಿಂತ ಮೇಲೆ ಬಂದವರು ತಾವಾಗಿ ಹೇಳುತ್ತಿದ್ದರು. ಕೆಳಗೆ ಬಂದವರು ಆ ವಾರ ಹಿಂದಿನ ಬೀದಿಯಲ್ಲಿ ಓಡಾಡುತ್ತಿದ್ದರು.

ದಾಕ್ಷಾಯಣಮ್ಮನವರ ಗಂಡ ತೋಂಟಪ್ಪನವರು ಬಸ್ ಡ್ರೈವರಾಗಿದ್ದು ನಿವೃತ್ತರಾದವರು. ಬೆಟ್ಟದಾಚೆಯ ಪೇಟೆಗೆ ಹೋಗುವ ಒಂದೇ ಬಸ್ಸನ್ನು ಜೀವಮಾನವಿಡೀ ಓಡಿಸಿದವರು. ಮಗಳು ಮನೆಯಲ್ಲಿದ್ದಷ್ಟು ಕಾಲ ಅವಳೇ ತಾಯಿಗೆ ಕೂರುತ್ತಿದ್ದಳು. ಅವಳು ಮದುವೆಯಾಗಿ ಗಡಿಯಾಚೆ ಹೋದ ಮೇಲೆ ಆ ಕೆಲಸವನ್ನು ತೋಂಟಪ್ಪನವರು ವಹಿಸಿಕೊಂಡರು. ಡ್ಯೂಟಿ ಎಂದರೆ ಡ್ಯೂಟಿ. ಹೊತ್ತಿಗೆ ಸರಿಯಾಗಿ ಬನಿಯನ್ನು, ಮೊಣಕಾಲವರೆಗೆ ಎತ್ತಿ ಕಟ್ಟಿದ ಪಂಚೆಯಲ್ಲಿ ಮಹಡಿ ಹತ್ತುತ್ತಿದ್ದರು. ಹೆಂಡತಿಯ ಫೋಟೊವನ್ನು ಎದುರಿನ ನೀರಿನ ತೊಟ್ಟಿಗೆ ಒರಗಿಸಿ, ಸ್ಟೇರಿಂಗ್ ಹಿಡಿದವರಂತೆ ಕೈ ಮುಂದೆ ಚಾಚಿ ಕೂರುತ್ತಿದ್ದರು. ಮಳೆಗಾಲದಲ್ಲೂ ಮೋಡ ಸರಿದ ಕ್ಷಣ ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳುತ್ತಿತ್ತು. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ಓಣಿಯ ಹೆಂಗಸರು ತಮ್ಮ ಗಂಡಂದಿರಿಗೆ ಕೇಳಿಸುವ ಹಾಗೆ ಹೇಳುತ್ತಿದ್ದರು.

ಹಾಗಿರುವಾಗ ದಾಕ್ಷಾಯಣಮ್ಮ ಹಿತ್ತಿಲಲ್ಲಿ ಜಾರಿದರು. ಜಾರಿದ್ದೂ ಅಲ್ಲ, ತುಳಸಿಗೆ ನೀರು ಹಾಕಿ ತಿರುಗಿದರು ಅಷ್ಟೆ. ಕೈ ಊರಿದ್ದಕ್ಕೆ ಮಣಿಕಟ್ಟು ಮುರಿಯಿತು. ಅದಕ್ಕೂ ಮೊದಲೇ ಕೆಳಗೆ ಕೂತರೆ ಗೋಡೆ ಹಿಡಿದು ಏಳುತ್ತಿದ್ದರು, ಮುದ್ದೆ ತಿರುವಲು ಆಗದೆ ಅನ್ನಕ್ಕೆ ಇಳಿದಿದ್ದರು, ಬೆನ್ನು ನೋವೆಂದು ಹೇಳದೆ ಬೆನ್ನು ಒತ್ತಿಕೊಳ್ಳುತ್ತಿದ್ದರು. ಡಾಕ್ಟರಮ್ಮ ರಕ್ತ ತೆಗೆಸಿದರು. ಫಲಿತಾಂಶದ ದಿನ ನಾನೂ ಜೊತೆಗೆ ಹೋಗಿದ್ದೆ.

ಲ್ಯಾಬಿನ ಹುಡುಗಿಗೆ ಗುಟ್ಟೆಂಬುದರ ಪರಿಚಯವಿಲ್ಲ. ಕಿಟಕಿಯಿಂದ ಹೆಸರು, ಸಂಖ್ಯೆ ಎರಡನ್ನೂ ಕೂಗುತ್ತಾಳೆ. "ತೋಂಟಪ್ಪ, ಐವತ್ತೆಂಟು!" ಎಂದಳು. ಬೆಂಚಿನ ಮೇಲಿದ್ದವರು ದಾಕ್ಷಾಯಣಮ್ಮನ ಕಡೆ ಮೆಚ್ಚುಗೆಯಿಂದ ನೋಡಿದರು. "ದಾಕ್ಷಾಯಣಮ್ಮ, ಒಂಬತ್ತು!" ಎಂದಳು. ಬೆಂಚಿನ ಮೇಲಿದ್ದವರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಅದೇ ಉಸಿರಿನಲ್ಲಿ "ಬೋರಲಿಂಗಯ್ಯ, ಎಪ್ಪತ್ತೊಂದು!" ಎಂದಳು.

ಬೋರಲಿಂಗಯ್ಯನವರು ತೋಂಟಪ್ಪನವರ ಬಸ್ಸಿನಲ್ಲೇ ಕಂಡಕ್ಟರಾಗಿದ್ದವರು. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ, ಮೆಸ್ಸಿನಲ್ಲಿ ಊಟ. ಆ ಮನುಷ್ಯನಿಗೆ ಕೂರುವವರೆಂದು ಊರಿಗೆ ಗೊತ್ತಿದ್ದ ಒಬ್ಬರೂ ಇರಲಿಲ್ಲ. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ, "ಇನ್ನೊಂದ್ಸಲ ಹೇಳಮ್ಮ," ಎಂದರು. ಕಿವಿ ಕೇಳದೆ ಅಲ್ಲ.

ಒಳಗೆ ಡಾಕ್ಟರಮ್ಮ ಕಾಗದ ನೋಡಿ, "ಮನೇಲಿ ಯಾರು ಕೂರ್ತಾರೆ?" ಎಂದು ಕೇಳಿದರು.

"ಇವ್ರೇ. ಒಂದಿನಾನೂ ತಪ್ಪಿಸೋದಿಲ್ಲ," ಎಂದರು ದಾಕ್ಷಾಯಣಮ್ಮ.

"ಈಗ ಮುರಿದಿದ್ದು ಮಣಿಕಟ್ಟು. ಇನ್ನೊಂದ್ಸಲ ಬಿದ್ರೆ ಸೊಂಟ. ಈ ವಯಸ್ಸಲ್ಲಿ ಸೊಂಟ ಮುರಿದು ಹಾಸಿಗೆ ಹಿಡಿದ್ರೆ ಮತ್ತೆ ಎದ್ದು ಓಡಾಡೋದು ಕಷ್ಟ, ನಾನು ಸುಮ್ನೆ ಹೆದರಿಸ್ತಿಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ. ಅಷ್ಟರಲ್ಲಿ ಇದು ಮೇಲೆ ಬರಲೇಬೇಕು."

"ನಾನು ಕೂರ್ತೀನಿ ಡಾಕ್ಟ್ರಮ್ಮ, ನಮ್ಮಪ್ಪನಾಣೆ ಕೂರ್ತೀನಿ," ಎಂದರು ತೋಂಟಪ್ಪನವರು.

"ಕೂರೋದು ಸರಿ ಯಜಮಾನ್ರೇ. ಕೂತಾಗ ಮನಸ್ಸಲ್ಲಿ ಯಾರಿರ್ತಾರೆ?"

ದಾಕ್ಷಾಯಣಮ್ಮ ಬ್ಯಾಂಡೇಜಿನ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರವನ್ನೇ ನೋಡುತ್ತ ಕೂತರು.

ಮನೆಗೆ ಬರುವ ದಾರಿಯುದ್ದಕ್ಕೂ ತೋಂಟಪ್ಪನವರು ಮುಂದೆ ನಡೆಯುತ್ತ, "ಮಷೀನು ಕೆಟ್ಟಿದೆ. ಆ ಬೋರಲಿಂಗನಿಗೆ ಎಪ್ಪತ್ತೊಂದಂತೆ! ಯಾವಳು ಕೂರ್ತಾಳೆ ಆ ಮೂತಿಗೆ? ಮಷೀನು ಕೆಟ್ಟಿದೆ," ಎನ್ನುತ್ತಿದ್ದರು. ಓಣಿಯ ಅಭಿಪ್ರಾಯ ಬೇರೆಯಾಗಿತ್ತು. ತೋಂಟಪ್ಪನ ಬಿಸಿಲು ಯಾವ ಮನೆಯ ಹೆಂಚಿನ ಮೇಲೆ ಬೀಳುತ್ತಿದೆಯೋ ಎಂದು ಮಾತು ಶುರುವಾಯಿತು. ನಲವತ್ತಕ್ಕಿಂತ ಮೇಲೆ ಬಂದಿದ್ದ ಹೆಂಗಸರನ್ನೆಲ್ಲ ಒಮ್ಮೆ ಪರಿಶೀಲಿಸಲಾಯಿತು. ಹೂ ಮಾರುವವಳಿಗೆ ಅರವತ್ತು ಬಂದಿತ್ತಾದರೂ ಅವಳನ್ನು ನೆನೆಯುವವರು ಬಹಳ ಜನರಿದ್ದುದರಿಂದ ತೋಂಟಪ್ಪನವರ ಪಾಲು ಇಷ್ಟೇ ಎಂದು ಹೇಳುವಂತಿರಲಿಲ್ಲ.

ದಾಕ್ಷಾಯಣಮ್ಮ ಈ ಮಾತುಗಳನ್ನು ಕೇಳಿಸಿಕೊಂಡರು, ಗಂಡನನ್ನು ಒಂದು ಮಾತೂ ಕೇಳಲಿಲ್ಲ. ಆಕೆಯ ಸ್ವಭಾವವೇ ಹಾಗೆ. ಸಾರು ಚೆನ್ನಾಗಿಲ್ಲವೆಂದರೆ "ಹೌದು ರೀ, ಇವತ್ತು ಚೆನ್ನಾಗಾಗಿಲ್ಲ" ಎನ್ನುವವರು, ಚೆನ್ನಾಗಿದೆಯೆಂದರೆ "ಹೌದು ರೀ" ಎನ್ನುವವರು. ಒಂದು ಮಧ್ಯಾಹ್ನ ನನ್ನ ಹತ್ತಿರ ಮಾತ್ರ, "ವನಜಾ, ನೆನಪಿಗೂ ಬಾರದ ಹಾಗೆ ಇದ್ಬಿಟ್ನೇನಮ್ಮ ನಾನು?" ಎಂದರು. ನೋವು ಇದ್ದದ್ದು ಅಲ್ಲಿ. ಮಣಿಕಟ್ಟಿನದು ಅದರ ಮುಂದೆ ಏನೂ ಅಲ್ಲ.

ನಾನು ನನ್ನ ಒಪ್ಪಂದವನ್ನು ಕೆಲವು ದಿನ ಬದಿಗಿಟ್ಟು ದಾಕ್ಷಾಯಣಮ್ಮನಿಗೆ ಕೂರೋಣವೆಂದು ಹೊರಟೆ. ಲೈಬ್ರರಿಯ ಊಟದ ಬಿಡುವಿನಲ್ಲಿ ಬಂದು, ತೋಂಟಪ್ಪನವರಿಂದ ಸ್ವಲ್ಪ ದೂರದಲ್ಲಿ ಕೂತು, ಆಕೆಯ ಮುಖವನ್ನು ಮನಸ್ಸಿಗೆ ತಂದುಕೊಂಡೆ. ಆಗಲಿಲ್ಲ. ಯಾಕೆಂದರೆ ಪಕ್ಕದಲ್ಲಿ ತೋಂಟಪ್ಪನವರು ಮಾತಾಡುತ್ತಿದ್ದರು.

ಮೊದಲು ಒಂದೆರಡು ನಿಮಿಷ ಫೋಟೊ ನೋಡುತ್ತಾರೆ. ಪ್ರಾಮಾಣಿಕವಾಗಿ ನೋಡುತ್ತಾರೆ. ಆಮೇಲೆ ಗಂಟಲಿನಲ್ಲೇ ಶುರುವಾಗುತ್ತದೆ: "ಬಸ್ಸಿಗೇ ದಾರಿ ಗೊತ್ತಿತ್ತಾ? ಸರಿ ಕಣಯ್ಯಾ ಬೋರಲಿಂಗಯ್ಯ, ಬಸ್ಸಿಗೆ ದಾರಿ ಗೊತ್ತಿತ್ತು, ನಿನಗೇನು ಗೊತ್ತಿತ್ತು? ಹಿಂದಿನ ಸೀಟಲ್ಲಿ ಬಾಯಿ ತೆಗೆದು ನಿದ್ದೆ ಹೊಡೆಯೋದು ಗೊತ್ತಿತ್ತು." ಸ್ವಲ್ಪ ಯೋಚನೆ. "ಉಹೂಂ. ಖಾರ ಸಾಲದು." ಮತ್ತೆ ಮೊದಲಿನಿಂದ.

ಇದರ ಹಿನ್ನೆಲೆ ಊರಿಗೆಲ್ಲ ಗೊತ್ತಿದ್ದದ್ದೇ. ಹನ್ನೊಂದು ವರ್ಷದ ಹಿಂದೆ ತೋಂಟಪ್ಪನವರ ಬೀಳ್ಕೊಡುಗೆ ಸಮಾರಂಭದಲ್ಲಿ ಬೋರಲಿಂಗಯ್ಯನವರು ಎರಡು ಮಾತಾಡಲು ಎದ್ದು, "ತೋಂಟಪ್ಪನೋರ ಬಗ್ಗೆ ಏನು ಹೇಳ್ಲಿ? ಆ ಬಸ್ಸಿಗೇ ದಾರಿ ಗೊತ್ತಿತ್ತು. ಇವರು ಬೀಳದಿರ್ಲಿ ಅಂತ ಸ್ಟೇರಿಂಗ್ ಹಿಡ್ಕೊಂಡು ಕೂತಿದ್ರು," ಎಂದಿದ್ದರು. ಸಭೆ ಬಿದ್ದು ಬಿದ್ದು ನಕ್ಕಿತು. ಹಾರ, ಶಾಲು, ಫಲತಾಂಬೂಲಗಳ ಭಾರದಲ್ಲಿದ್ದ ತೋಂಟಪ್ಪನವರಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮಾತು ಬಿಟ್ಟರು. ಮಾತು ಬಿಟ್ಟಿದ್ದಾರೆ ಎಂದಷ್ಟೇ ಊರು ತಿಳಿದಿತ್ತು; ಮಹಡಿಯ ಮೇಲೆ ಆ ಉತ್ತರ ಇನ್ನೂ ತಯಾರಾಗುತ್ತಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಮನುಷ್ಯ ಒಂದೇ ವಾಕ್ಯವನ್ನು ಇಷ್ಟು ವರ್ಷ ತಿದ್ದಿದ್ದನ್ನು ನಾನು ದೊಡ್ಡ ದೊಡ್ಡ ಗ್ರಂಥಗಳ ಮುನ್ನುಡಿಗಳಲ್ಲೂ ಓದಿಲ್ಲ. ಕೆಲವು ಉತ್ತರಗಳು ನಿಜಕ್ಕೂ ಚೆನ್ನಾಗಿದ್ದವು. ನಾನು ಅವನ್ನು ಕೇಳುತ್ತ, ಬೋರಲಿಂಗಯ್ಯನವರ ಮುಖ ಹೇಗಾದೀತು ಎಂದು ಊಹಿಸುತ್ತ ಕೂತುಬಿಡುತ್ತಿದ್ದೆ. ಲೆಕ್ಕ ಹಾಕಿದರೆ ನನ್ನ ಬಿಸಿಲೂ ಆ ವಾರ ಅವರಿಗೇ ಹೋಗಿರಬೇಕು.

ಆಗ ಹೊಳೆಯಿತು. ಬಿಸಿಲಿಗೆ ಪ್ರೀತಿ ಯಾವುದು, ಸಿಟ್ಟು ಯಾವುದು ಎಂಬ ಭೇದವಿಲ್ಲ. ಮನಸ್ಸಿನಲ್ಲಿ ಯಾರು ಕೂತಿದ್ದಾರೋ ಅವರಿಗೆ ಕೊಟ್ಟು ಹೋಗುತ್ತದೆ, ಅಷ್ಟೆ.

ಇದನ್ನು ದಾಕ್ಷಾಯಣಮ್ಮನಿಗೆ ಹೇಳುವುದು ಹೇಗೆಂದು ನಾನು ಯೋಚಿಸುತ್ತಿರುವಾಗಲೇ ಅವರು ಒಂದು ದಿನ ಮಜ್ಜಿಗೆ ಲೋಟ ಹಿಡಿದು ಮೆಟ್ಟಿಲ ತುದಿಗೆ ಬಂದು ನಿಂತಿದ್ದರು. ತೋಂಟಪ್ಪನವರ ಬೆನ್ನು ಮೆಟ್ಟಿಲ ಕಡೆಗಿತ್ತು. "ನೀನು ವಿಶಲ್ ಊದಿದ್ದು ಬಸ್ಸು ಹೊರಡ್ಲಿ ಅಂತಲ್ಲ ಕಣೋ, ನಿನಗೆ ಎಚ್ಚರಾಗ್ಲಿ ಅಂತ," ಎಂದು ಅವರು ಗಾಳಿಗೆ ಹೇಳುತ್ತಿದ್ದರು. ದಾಕ್ಷಾಯಣಮ್ಮ ಬಹಳ ಹೊತ್ತು ನಿಂತು ಕೇಳಿದರು. ಲೋಟದ ಮಜ್ಜಿಗೆಯನ್ನು ತಾವೇ ಕುಡಿದರು. ಗೋಡೆ ಹಿಡಿದುಕೊಂಡು ಕೆಳಗಿಳಿದರು. ನಾನು ಹಿಂದೆಯೇ ಹೋದೆ.

ಅಡುಗೆಮನೆಯಲ್ಲಿ ಅವರು ಮಣೆಯ ಮೇಲೆ ಕೂತು ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ.

"ಯಾವಳೋ ಇರ್ಬೇಕು ಅಂತ ನಾನು ಸತ್ತುಬಿದ್ದಿದ್ದೆ ವನಜಾ. ಬೋರಲಿಂಗಯ್ಯ! ಹೆಂಗಸಾಗಿದ್ರೆ ನನಗೊಂದು ಮರ್ಯಾದೇನಾದ್ರೂ ಇರ್ತಿತ್ತು."

"ಯಜಮಾನರಿಗೆ ಹೇಳಿಬಿಡೋಣ ಅಕ್ಕ. ಗೊತ್ತಾದ್ರೆ ಸರಿಮಾಡ್ಕೋತಾರೆ."

"ಬೇಡ. ಹೇಳಿದ್ರೆ ನನ್ನ ನೆನೆಸ್ಕೊಳ್ಳೋಕೆ ಕಷ್ಟಪಡ್ತಾರೆ. ಈಗ್ಲೂ ಕಷ್ಟಪಡ್ತಾರಲ್ಲ, ಫೋಟೊ ಇಟ್ಕೊಂಡು. ಎರಡು ನಿಮಿಷ." ಸೆರಗಿನಿಂದ ಮೂಗು ಒರೆಸಿಕೊಂಡರು. "ಆ ಮನುಷ್ಯ ಹನ್ನೊಂದು ವರ್ಷದ ಹಿಂದೆ ಒಂದು ಮಾತಂದ, ಇನ್ನೂ ಬಿಟ್ಟಿಲ್ಲ. ನಾನು ಇಷ್ಟು ವರ್ಷ ಸಂಸಾರ ಮಾಡಿ ಒಂದೇ ಒಂದು ಮಾತು ಎದುರಾಡಿಲ್ಲ ನೋಡು. ನೆನೆಸ್ಕೊಳ್ಳೋಕೆ ಏನಿದೆ ನನ್ನಲ್ಲಿ?"

ಅವರು ಬ್ಯಾಂಡೇಜಿನ ಕೈಯನ್ನೇ ನೋಡುತ್ತ, "ಜಗಳ ಆಡೋದು ಹೆಂಗಮ್ಮ?" ಎಂದರು.

ಅಭ್ಯಾಸವಿಲ್ಲದ ವಿದ್ಯೆ. ಮೊದಲ ದಿನ ಸಾರಿಗೆ ಉಪ್ಪು ಹಾಕಲಿಲ್ಲ. ತೋಂಟಪ್ಪನವರು ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ಹಾಕಿಕೊಂಡು ಉಂಡರು. ಮಾರನೆಯ ದಿನ ಅವರ ಕನ್ನಡಕವನ್ನು ಬಚ್ಚಿಟ್ಟರು. ಹುಡುಕಿ ಹುಡುಕಿ ಸುಸ್ತಾದ ಗಂಡನನ್ನು ನೋಡಲಾರದೆ ತಾವೇ ತೆಗೆದುಕೊಟ್ಟರು. "ನೀನಿಲ್ದಿದ್ರೆ ನನ್ನ ಗತಿ ಏನೇ," ಎಂದು ಅವರು ಹೇಳಿ, ಮಹಡಿ ಹತ್ತಿ, ಬೋರಲಿಂಗಯ್ಯನವರನ್ನು ತರಾಟೆಗೆ ತೆಗೆದುಕೊಂಡರು. ಮೂರನೆಯ ಸಲ ದಾಕ್ಷಾಯಣಮ್ಮ ಕೈಯೆತ್ತಿ, ಕಣ್ಣು ಅಗಲಿಸಿ, "ನೀವು ಸರಿಯಿಲ್ಲ!" ಎಂದರಂತೆ. ತೋಂಟಪ್ಪನವರು ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಚಿತಪಡಿಸಿಕೊಂಡು, ಮೆಣಸಿನ ಕಷಾಯ ಮಾಡಿಕೊಟ್ಟರು.

ದಿನಗಳು ಹೋಗುತ್ತಿದ್ದವು. ಬ್ಯಾಂಡೇಜು ಬಿಚ್ಚಿದ ಮೇಲೂ ಕೈಯಲ್ಲಿ ಹಿಡಿತವಿರಲಿಲ್ಲ. ಒಮ್ಮೆ ಹೊಸ್ತಿಲು ದಾಟುವಾಗ ಕಾಲು ತಡವರಿಸಿ ಬಾಗಿಲುಪಟ್ಟಿ ಹಿಡಿದು ನಿಂತರು, ಮುಖ ಬಿಳಿಚಿಕೊಂಡಿತ್ತು. ಆವತ್ತಿನಿಂದ ಹಿತ್ತಿಲಿಗೆ ಹೋಗುವುದನ್ನು ಬಿಟ್ಟರು. ಬಚ್ಚಲಿಗೆ ಹೋಗುವಾಗ ನನ್ನನ್ನು ಕರೆಯತೊಡಗಿದರು, ಅದೂ ಬೇರೇನೋ ನೆಪ ಹೇಳಿ.

ಅದಾದ ಎರಡು ದಿನಕ್ಕೆ, ಬೆಳಿಗ್ಗೆ, ನಾನು ಬಿಂದಿಗೆಗೆ ನೀರು ತುಂಬಿಕೊಳ್ಳಲು ಕೆಳಗೆ ಬಂದಿದ್ದೆ. ಒಳಗೆ ತೋಂಟಪ್ಪನವರು ಕಾಫಿ ಕುಡಿಯುತ್ತಿದ್ದರು. ದಾಕ್ಷಾಯಣಮ್ಮ ಬಾಗಿಲಿಗೆ ಒರಗಿ ನಿಂತು, ಹವಾಮಾನದ ಸುದ್ದಿ ಹೇಳುವ ದನಿಯಲ್ಲಿ, "ಆವತ್ತು ಬೋರಲಿಂಗಯ್ಯ ಹಂಗಂದಾಗ ನಾನೂ ನಕ್ಕಿದ್ದೆ," ಎಂದರು.

ಲೋಟ ಕೆಳಗಿಟ್ಟ ಸದ್ದು. "ಏನಂದೆ?"

"ನಕ್ಕಿದ್ದೆ ಅಂದೆ. ಹೆಂಗಸರ ಕಡೆ ಮೂರನೇ ಸಾಲಲ್ಲಿ ಕೂತಿದ್ನಲ್ಲ. ಸೆರಗು ಬಾಯಿಗಿಟ್ಕೊಂಡು ನಕ್ಕೆ. ಕಣ್ಣಲ್ಲಿ ನೀರು ಬಂತು."

"ಯಾಕೆ?"

"ಯಾಕೇಂದ್ರೆ ನಿಜ ಅನ್ನಿಸ್ತು. ಸ್ಟೇರಿಂಗ್ ಹಿಡಿದು ಕೂತಾಗ ನೀವು ಹಂಗೇ ಕಾಣೋದು. ಯಾರೋ ತೂಗುಮಂಚದ ಸರಪಳಿ ಹಿಡ್ಕೊಂಡಂಗೆ."

ನನ್ನ ಬಿಂದಿಗೆ ತುಂಬಿ ನೀರು ಹರಿಯುತ್ತಿತ್ತು. ನಲ್ಲಿ ನಿಲ್ಲಿಸಿದರೆ ಮುಂದಿನ ಮಾತು ಕೇಳಿಸೀತೆಂದು ನಿಲ್ಲಿಸಿದೆ. ಮುಂದಿನ ಮಾತ್ಯಾವುದೂ ಇರಲಿಲ್ಲ. ತೋಂಟಪ್ಪನವರು ಅರ್ಧ ಕಾಫಿ ಅಲ್ಲೇ ಬಿಟ್ಟು ಅಂಗಳಕ್ಕೆ ಬಂದರು, ನನ್ನನ್ನು ನೋಡಿದರು, ಮತ್ತೆ ಒಳಗೆ ಹೋದರು. ಆವತ್ತು ಎಂದಿಗಿಂತ ಬೇಗ ಮಹಡಿಗೆ ಬಂದರು. ಫೋಟೊ ತಂದಿರಲಿಲ್ಲ.

ನಾನು ಲೈಬ್ರರಿಗೆ ಅರ್ಧ ದಿನ ರಜೆ ಹಾಕಿದೆ. ಇಂಥ ದಿನಗಳಿಗಾಗಿಯೇ ರಜೆ ಇರುವುದು.

"ನಕ್ಕಳಂತೆ," ಎಂದರು ತೋಂಟಪ್ಪನವರು, ತೊಟ್ಟಿಗೆ. "ಕಟ್ಕೊಂಡ ಹೆಂಡ್ತಿ ನಕ್ಕಳಂತೆ. ಆ ತಿರುವುಗಳಲ್ಲಿ ಒಂದು ಕೋಳಿಗೂ ತಾಗಿಸದೆ ಓಡಿಸಿದ್ದೀನಿ, ತೂಗುಮಂಚವಂತೆ!" ಸ್ವಲ್ಪ ಹೊತ್ತಿಗೆ ನನ್ನ ಕಡೆ ತಿರುಗಿದರು. "ಮೇಡಂ, ನೀವೇ ಹೇಳಿ. ಇವಳು ಮದುವೆಯಾದ ಹೊಸದ್ರಲ್ಲಿ ಮೊದಲ್ನೇ ಸಲ ನನ್ನ ಬಸ್ ಹತ್ತಿದ್ಲು. ಮೂರನೇ ತಿರುವಿಗೇ ವಾಂತಿ. ಹೊಸ ಸೀರೆ ಮೇಲೆ. ಬಸ್ಸು ನಿಲ್ಸಿ, ಇಂಜಿನ್ ಕಾದಿದೆ ಅಂತ ಪ್ಯಾಸೆಂಜರಿಗೆ ಸುಳ್ಳು ಹೇಳಿ, ಹಳ್ಳದಿಂದ ನೀರು ತಂದುಕೊಟ್ಟೆ. ಇವತ್ತಿನವರೆಗೂ ಒಬ್ಬರಿಗೆ ಹೇಳಿದ್ದೀನಾ?"

"ಈಗ ಹೇಳಿದ್ರಲ್ಲ," ಎಂದೆ.

"ಅವಳು ಹೇಳಿಸಿದ್ಲು," ಎಂದು ಮತ್ತೆ ತೊಟ್ಟಿಯ ಕಡೆ ತಿರುಗಿದರು. ಆಮೇಲೆ ಆ ಸೀರೆಯ ಬಣ್ಣ, ಅದನ್ನು ಒಗೆದು ಒಣಗಿಸಿದ ಬಂಡೆ, ಒಣಗುವವರೆಗೆ ಆಕೆ ಬಸ್ಸಿನ ಹಿಂದೆ ನಿಂತು ಪ್ಯಾಸೆಂಜರುಗಳಿಗೆ ಮುಖ ತೋರಿಸದೆ ಕಾದದ್ದು, ಎಲ್ಲವೂ ಒಂದೊಂದಾಗಿ ದೂರಿನ ರೂಪದಲ್ಲಿ ಹೊರಗೆ ಬಂತು. ಬೋರಲಿಂಗಯ್ಯನವರ ಹೆಸರು ಆವತ್ತು ಒಮ್ಮೆಯೂ ಬರಲಿಲ್ಲ.

ಕೆಳಗಿಳಿದು ದಾಕ್ಷಾಯಣಮ್ಮನನ್ನು ಕೇಳಿದೆ: "ಅಕ್ಕ, ನಿಜವಾಗ್ಲೂ ನಕ್ಕಿದ್ರಾ?"

"ನಿಜವಾಗ್ಲೂ ಕಣಮ್ಮ. ನೊಂದ್ಕೋತಾರೆ ಅಂತ ಇಷ್ಟು ವರ್ಷ ಹೊಟ್ಟೇಲಿಟ್ಕೊಂಡಿದ್ದೆ." ಒಲೆಯ ಉರಿ ಸಣ್ಣ ಮಾಡಿದರು. "ನೊಂದ್ಕೊಂಡ್ರಾ?"

"ಬಹಳ."

"ಪಾಪ," ಎಂದರು. ಮುಖದಲ್ಲಿ ಒಂದು ಹೊಸ ಕಳೆ ಬಂದಿತ್ತು.

ಒಂದು ಸಲ ದಾರಿ ಸಿಕ್ಕಿದ ಮೇಲೆ ಆಕೆಯನ್ನು ಹಿಡಿಯುವವರಿರಲಿಲ್ಲ. ಕಟ್ಟುಕತೆ ಬೇಕಾಗಲಿಲ್ಲ, ಹೇಳದೆ ಉಳಿಸಿಕೊಂಡ ನಿಜವೇ ಒಂದು ಕಣಜದಷ್ಟಿತ್ತು. "ನಿಮ್ಮ ಮೀಸೆ ಎಡಗಡೆ ಉದ್ದ, ಮದುವೆ ದಿನದಿಂದ ನೋಡ್ತಿದ್ದೀನಿ," ಎಂದ ದಿನ ತೋಂಟಪ್ಪನವರು ಮಹಡಿಯ ಮೇಲೆ ಬೆರಳಿನಿಂದ ಅಳೆದುಕೊಳ್ಳುತ್ತ ಕೂತಿದ್ದರು. "ನಿಮ್ಮಕ್ಕನ ಸಾರಿಗಿಂತ ನನ್ನ ಸಾರು ಚೆನ್ನಾಗಿರುತ್ತೆ, ಅದು ನಿಮಗೂ ಗೊತ್ತು," ಎಂದ ದಿನ ಅವರು ಮಹಡಿಗೆ ಬಂದು ಕೂತು, ನನ್ನತ್ತ ತಿರುಗಿ, "ಗೊತ್ತು," ಎಂದರು. ಒಂದೊಂದು ಮಧ್ಯಾಹ್ನ ಅವರು ಪೂರ್ತಿ ಉತ್ತರ ಸಿದ್ಧಮಾಡಿಕೊಂಡು ಕೆಳಗಿಳಿದು ಹೋಗಿ ಹೇಳಿಯೂ ಬಿಡುತ್ತಿದ್ದರು. ಆಕೆ ಅದಕ್ಕೆ ಮರುತ್ತರ ಕೊಡುತ್ತಿದ್ದರು. ಮದುವೆಯಾದಾಗಿನಿಂದ ಸದ್ದಿಲ್ಲದ ಆ ಮನೆಯಲ್ಲಿ ಈಗ ಊಟದ ಹೊತ್ತಿಗೆ ನಾಟಕದ ಕಂಪನಿ ಬಿಡಾರ ಹೂಡಿದಂತಿರುತ್ತಿತ್ತು. ಓಣಿಯವರು ತಲೆ ಅಲ್ಲಾಡಿಸಿ, ಒಂಬತ್ತು ಬಂದ ಮೇಲೆ ಇನ್ನೇನಾಗುತ್ತೆ, ಪಾಪ, ಸಂಸಾರ ಒಡೀತು ಎಂದರು.

ಮೂರು ತಿಂಗಳಿಗೆ ಲ್ಯಾಬಿನ ಹುಡುಗಿ, "ದಾಕ್ಷಾಯಣಮ್ಮ, ಮೂವತ್ತಾರು!" ಎಂದು ಕೂಗಿದಳು. ಬೆಂಚಿನ ಮೇಲೆ ಯಾರೋ ಚಪ್ಪಾಳೆಯನ್ನೇ ತಟ್ಟಿದರು. ಡಾಕ್ಟರಮ್ಮ ಮಣಿಕಟ್ಟು ಒತ್ತಿ ನೋಡಿ, ಆಕೆಯನ್ನು ಕುರ್ಚಿಯಿಂದ ಕೈ ಊರದೆ ಏಳಿಸಿ ನೋಡಿ, ತೋಂಟಪ್ಪನವರಿಗೆ, "ನೋಡಿದ್ರಾ? ಪ್ರೀತಿಯಿಂದ ಕೂತ್ರೆ ಹೆಂಗೆ ಹಿಡಿಯುತ್ತೆ," ಎಂದರು. ತೋಂಟಪ್ಪನವರು ಅಪರಾಧಿಯಂತೆ ನೆಲ ನೋಡಿದರು. ಇಷ್ಟು ದಿನ ಹೆಂಡತಿಯನ್ನು ಮನಸ್ಸಿನಲ್ಲೇ ಹಿಗ್ಗಾಮುಗ್ಗಾ ಬೈದವರು ಅವರು. ಈ ಹೊಗಳಿಕೆಯನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ದಾಕ್ಷಾಯಣಮ್ಮ ಮಾತ್ರ ಹಾಯಾಗಿ, "ಹೌದು ಡಾಕ್ಟ್ರಮ್ಮ, ನಾನೂ ದಿನಾ ಬೆಳಿಗ್ಗೆ ತಪ್ಪಿಸೋದಿಲ್ಲ," ಎಂದರು.

ಅದೇ ವಾರ ಬೋರಲಿಂಗಯ್ಯನವರು ಲೈಬ್ರರಿಗೆ ಬಂದರು. ಎಪ್ಪತ್ತೊಂದು ಬಂದಾಗಿನಿಂದ ಆ ಮನುಷ್ಯ ಇಸ್ತ್ರಿ ಅಂಗಿ ಹಾಕುತ್ತಿದ್ದರು, ದಾರಿಯಲ್ಲಿ ಎದುರಾದ ಹೆಂಗಸರಿಗೆಲ್ಲ ಗಂಭೀರವಾಗಿ ನಮಸ್ಕಾರ ಮಾಡುತ್ತಿದ್ದರು, ಯಾರೆಂದು ಗೊತ್ತಿಲ್ಲದ್ದರಿಂದ ಯಾರನ್ನೂ ಬಿಡುವಂತಿರಲಿಲ್ಲ. ಆವತ್ತು ಪೇಪರು ತೆರೆದು ಓದದೆ ಕೂತಿದ್ದರು.

"ಇಪ್ಪತ್ತೆಂಟಕ್ಕೆ ಇಳೀತು ಮೇಡಂ," ಎಂದರು. "ಯಾರೋ ನನ್ನನ್ನ ಮರೆತ್ರು."

ನಾನು ಪುಸ್ತಕಗಳ ಧೂಳು ಹೊಡೆದೆ. ಮನೆಗೆ ಬಂದು ದಾಕ್ಷಾಯಣಮ್ಮನಿಗೆ ಹೇಳಿದಾಗ ಅವರು ಹೆಚ್ಚುತ್ತಿದ್ದ ಬೀನ್ಸು ನಿಲ್ಲಿಸಿದರು.

"ಅಯ್ಯೋ, ಅದು ನಾನು ಯೋಚ್ನೇನೇ ಮಾಡಿರ್ಲಿಲ್ಲ. ಆ ಪುಣ್ಯಾತ್ಮ ಆ ಮಾತು ಹೇಳ್ದಿದ್ರೆ ನನಗೆ ಈ ಬಿಸಿಲೆಲ್ಲಿತ್ತು?" ಸ್ವಲ್ಪ ಲೆಕ್ಕ ಹಾಕಿದರು. "ಇವ್ರಿಗೆ ಐವತ್ತೆಂಟು ಇದೆ, ಜಾಸ್ತೀನೇ ಆಯ್ತು, ಅದಕ್ಕೇ ಇಷ್ಟು ಕೊಬ್ಬು. ನಾನು ಕೂತಾಗ ಕೊನೇಲಿ ಒಂದು ಹತ್ತು ನಿಮಿಷ ಆ ಬೋರಲಿಂಗಯ್ಯನಿಗೆ ಕೂರ್ತೀನಿ. ಬೀಳ್ಕೊಡುಗೆ ದಿನ ನೆನೆಸ್ಕೊಂಡ್ರೆ ಸಾಕು, ಈಗ್ಲೂ ನಗು ಬರುತ್ತೆ."

ಎಲ್ಲ ಸರಿಯಾಯಿತು ಎಂದುಕೊಂಡಿದ್ದೆ. ಆಮೇಲೊಂದು ದಿನ ತೋಂಟಪ್ಪನವರು ಮಹಡಿಗೆ ಬಂದು ಕೂತರು, ಗೊಣಗಲಿಲ್ಲ. ಸಿಟ್ಟು ತೀರಿಹೋದರೆ ಮತ್ತೆ ಒಂಬತ್ತಕ್ಕೆ ಇಳಿಯಲು ಎಷ್ಟು ಹೊತ್ತು? ಅವರು ಎದ್ದರು, ಮೆಟ್ಟಿಲ ತನಕ ಹೋದರು, ವಾಪಸು ಬಂದು ಕೂತರು.

"ಏನಾಯ್ತು ಯಜಮಾನ್ರೇ?"

"ಬೆಳಿಗ್ಗೆಯಿಂದ ಒಂದು ಮಾತೂ ಅಂದಿಲ್ಲ ಮೇಡಂ ಅವಳು." ದನಿ ತಗ್ಗಿಸಿದರು. "ಉಪ್ಪಿಟ್ಟು ತಿಂದೆ, ಗಂಟಾಗಿತ್ತು, ಬೇಕಂತ್ಲೇ ಹೇಳ್ದೆ. 'ಹೌದು ರೀ' ಅಂದ್ಲು. ಅಷ್ಟೇ. ಮೈಗೆ ಹುಷಾರಿಲ್ವೇನೋ. ನಿಮ್ಮ ಹತ್ರ ಏನಾದ್ರೂ ಅಂದ್ಲಾ? ಬೆನ್ನು ನೋವು ಅಂತೇನಾದ್ರೂ?"

ಇಲ್ಲವೆಂದೆ. ಅವರಿಗೆ ಸಮಾಧಾನವಾಗಲಿಲ್ಲ. ನಿನ್ನೆ ಆಕೆ ಎಷ್ಟು ಚಪಾತಿ ತಿಂದಳು, ಮೊನ್ನೆ ಮೆಟ್ಟಿಲು ಹತ್ತುವಾಗ ನಿಂತಳೇ, ತಾನು ಅತಿಯಾಗಿ ಏನಾದರೂ ಅಂದೆನೇ, ಮೀಸೆ ಕತ್ತರಿಸಿಕೊಂಡಿದ್ದನ್ನು ಗಮನಿಸಿದಳೇ ಇಲ್ಲವೇ ಎಂದು ಒಂದೊಂದಾಗಿ ಎಣಿಸುತ್ತ, ಬೆವರು ಒರೆಸಿಕೊಳ್ಳುವುದನ್ನೂ ಮರೆತು ಕೂತರು. ಕೊನೆಗೆ ತಡೆಯಲಾರದೆ ಕಟ್ಟೆಯಂಚಿಗೆ ಹೋಗಿ ಹಿತ್ತಿಲಿಗೆ ಬಗ್ಗಿ, ಓಣಿಗೆಲ್ಲ ಕೇಳುವ ಹಾಗೆ ಕೂಗಿದರು:

"ದಾಕ್ಷಾಯಣೀ! ಲೇ! ಏನಾದ್ರೂ ಅನ್ನೇ!"

ನಾನೂ ಬಗ್ಗಿ ನೋಡಿದೆ. ದಾಕ್ಷಾಯಣಮ್ಮ ಹಿತ್ತಿಲಲ್ಲಿ, ಗೋಡೆ ಹಿಡಿಯದೆ, ಎರಡು ಕೈಯಲ್ಲೂ ಒದ್ದೆ ಬಟ್ಟೆ ಹಿಂಡುತ್ತ ನಿಂತಿದ್ದರು. ಗಂಡನ ಕೂಗು ಕೇಳಿತು. ತಲೆಯೆತ್ತಲಿಲ್ಲ. ನೀರು ತೊಟ್ಟಿಕ್ಕದಂತೆ ಇನ್ನೊಂದು ಸುತ್ತು ಹಿಂಡಿ, ಬಟ್ಟೆಯನ್ನು ಒದರಿ ಹಗ್ಗಕ್ಕೆ ಹಾಕಿ, ನಗು ಹೊರಬಾರದಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಸುಮ್ಮನೆ ಇದ್ದುಬಿಟ್ಟರು.